ಜಾಲಿ ಬುಡದ ಗಡ್ಡೆ

“ಹೂತು ಬಂದಾನಂತ! ಮಣ್ಣಾಗ ಹೂತು ಬಂದಾನಂತ, ಹಲ್ಕಟ್ ನನ್ಮಗ! ತಲ್ಯಾಗೇನ್ ಸಗಣಿ ತುಂಬೇತೇನಲೇ?”

ಡಾಕ್ಟರು ಬೈಯುತ್ತಿದ್ದದ್ದು ನನ್ನ ತಮ್ಮ ಅಂಜಿನಿಯನ್ನು. ಇಟ್ಟಿಗೆ ಭಟ್ಟಿಯಲ್ಲಿ ಮಣ್ಣು ತುಳಿದು ಒಡೆದ ಅವನ ಕಾಲು ಆಸ್ಪತ್ರೆಯ ನುಣ್ಣನೆ ಕಲ್ಲುನೆಲದ ಮೇಲೆ ನಿಲ್ಲಲು ಜಾಗ ಹುಡುಕುತ್ತಿತ್ತು. ನಾನು ಎದೆಯ ಪಟ್ಟಿಯ ಮೇಲೆ ಸೆರಗು ಹಿಡಿದು ಗೋಡೆಗೆ ಅಂಟಿಕೊಂಡಿದ್ದೆ.

“ಎಲ್ಲಿಗೆ ಒಯ್ಬೇಕಂತ ಯಾರೂ ಹೇಳ್ಲಿಲ್ರಿ ಸಾಹೇಬ್ರ.”

“ಡಬ್ಬಿ ಕೊಟ್ಟಿದ್ದು ಉಪ್ಪಿನಕಾಯಿ ಹಾಕಾಕೇನಲೇ? ಹೊಸಪೇಟಿ ಲ್ಯಾಬಿಗೆ ಒಯ್ಯಾಕ!”

ಡಬ್ಬಿ ಕೊಟ್ಟದ್ದು ಕಾಂಪೌಂಡರ್ ಪಾಲಾಕ್ಷ. ಕೊಟ್ಟ ಅನ್ನುವ ಹಾಗೂ ಇಲ್ಲ. ನಮ್ಮ ಕೇರಿಯ ಹೆಸರು ಕೇಳಿದ ಮೇಲೆ ಅವನು ನಮ್ಮ ಕೈಗೆ ಏನನ್ನೂ ಕೊಡುತ್ತಿರಲಿಲ್ಲ. ನೆಲಕ್ಕಿಟ್ಟು ಚಪ್ಪಲಿಯಿಂದ ಸರಿಸಿದ. “ತಗಂಡ್ ಹೋಗ್” ಅಂದ. ಅಷ್ಟೇ. ಇನ್ನೊಂದು ಮಾತು ಆಡಿದರೆ ಅವನಿಗೆ ಮೈಲಿಗೆ.

ಅಂಜಿನಿ ತಗೊಂಡು ಹೋದ. ಮೈಯಿಂದ ಬಂದದ್ದನ್ನು ನಾಯಿ ಬಾಯಿಗೆ ಬಿಡಬಾರದು ಅನ್ನುವುದು ನಮ್ಮ ಮಂದಿಯ ಪದ್ಧತಿ. ಬಾಣಂತಿಯ ಮಾಸು ಹೂಳುವ ಹಾಗೆ, ನಮ್ಮೂರು ಮಾಗಳದ ಹೊಳೆದಂಡೆಯ ಜಾಲಿ ಬುಡದಲ್ಲಿ, ಅರಿಶಿಣ ಉಪ್ಪು ಹಾಕಿ ನನ್ನ ಎದೆಯಿಂದ ಕೊಯ್ದ ಗಡ್ಡೆಯನ್ನು ಹೂತ. ಮೇಲೊಂದು ಕಲ್ಲಿಟ್ಟು ಅತ್ತನಂತೆ. ಪರರ ಸಾಮಾನು ನಮಗ್ಯಾಕೆ ಅಂತ ಖಾಲಿ ಡಬ್ಬಿಯನ್ನು ತೊಳೆದು ವಾಪಸು ತಂದಿದ್ದ.

“ಈಗೇನಾಗ್ತೈತ್ರಿ?” ಅಂದೆ.

“ಗಡ್ಡಿ ಇದ್ದಿದ್ರ ಅದರ ಅಂಚು ನೋಡ್ತಿದ್ರು. ಅಂಚಿನಾಗ ಕ್ಯಾನ್ಸರ್ ಇಲ್ಲಂದ್ರ ಮತ್ತ ಕೊಯ್ಯೋದಾ ಬ್ಯಾಡಾಗಿತ್ತು. ಈಗ ಒಳಗ ಉಳದೈತೋ ಇಲ್ಲೋ ಯಾವನಿಗೆ ಗೊತ್ತು? ನಾಳಿ ಬಂದು ಮಲಕ್ಕ.”

ಮತ್ತೆ. ಮತ್ತೆ ಕೊಯ್ಯುವುದು. ಮೊದಲನೇ ಗಾಯವೇ ಇನ್ನೂ ಹಸಿ. ಕೈ ಎತ್ತಿ ತಲೆ ಬಾಚಿಕೊಳ್ಳಲು ಬರುತ್ತಿರಲಿಲ್ಲ.

ಹೊರಗೆ ಅಂಜಿನಿ ಕಣ್ಣೊರೆಸಿಕೊಂಡ. “ಅಕ್ಕಾ, ತೋಡಿ ತರ್ಲೇನು?”

“ಇರುವಿ ಉಂಡು ಕೈ ತೊಳಕಂಡಿರ್ತಾವು. ಸುಮ್ನಿರಲೇ, ಮಳ್ಳ.”

ಮರುದಿನ ನರ್ಸ್ ಕೋಮಲಾ ನನ್ನ ಕೈಗೆ ಸಲೈನ್ ಸೂಜಿ ಕೂರಿಸಿದಳು. ಆಕೆ ಬಾಗಿಲ ಕಡೆ ನೋಡಿ ಬಾಗಿದಳು. “ಯಕ್ಕ, ಹುಬ್ಬಳ್ಳಿ ಕಡೆ ದೊಡ್ಡಾಸ್ಪತ್ರ್ಯಾಗ ಹೊಲಿಗಿ ಹಾಕಾಕ ಮೊದ್ಲಾ ಅಂಚು ಪರೀಕ್ಷಿ ಮಾಡ್ತಾರ. ಉಳದಿದ್ರ ಆಗಲೇ ತಗೀತಾರ. ಹಂಗ ಮಾಡಿದ್ರ ಮತ್ತ ಕೊಯ್ಯೋದು ಬಾಳ ಮಂದಿಗೆ ತಪ್ಪತೈತಿ. ನಾ ಹೇಳೀನಿ ಅನಬ್ಯಾಡ.”

ಮೇಜಿನ ಮೇಲೆ ಮಲಗಿಸಿದರು. ದೀಪ ಕಣ್ಣಿಗೆ ಹೊಡೆಯಿತು. ತಲೆಯ ಪಕ್ಕದಲ್ಲೇ ಆ ಡಬ್ಬಿ. ಅಂಜಿನಿ ತೊಳೆದದ್ದೇ.

“ಸಾಹೇಬ್ರ, ಈ ಸಲಾನೂ ಅಂಚಿನಾಗ ಉಳದ್ರ?”

“ಮತ್ತ ತಗದ್ರಾತು.” ಬದನೆಕಾಯಿ ಹೆಚ್ಚುವವರ ಹಾಗೆ ಅಂದರು.

“ಹೊಲಿಯಾಕ ಮೊದ್ಲಾ ನೋಡಾಕ ಬರಾಂಗಿಲ್ಲೇನ್ರಿ?”

ಡಾಕ್ಟರು ಕೋಮಲಾಳನ್ನು ದುರುಗುಟ್ಟಿ ನೋಡಿದರು. ಆಕೆ ತಲೆ ತಗ್ಗಿಸಿದಳು.

“ಅದೆಲ್ಲ ದೊಡ್ಡೋರಿಗೆ, ಮುದುಕಿ. ಈ ವಯಸ್ಸಿನಾಗ ನಿನ್ನ ಎದಿ ನೋಡಾಕ ಯಾವ ಮಿಂಡ ಕಾಯಕತ್ಯಾನ? ಸುಮ್ನ ಮಲಕ್ಕ!”

ಪಾಲಾಕ್ಷ ಕಿಸಕ್ಕನೆ ನಕ್ಕ.

ನಾನು ಎದ್ದು ಕೂತೆ. ಎದ್ದೆನೋ, ಹೆದರಿಕೆಯೇ ಎಬ್ಬಿಸಿತೋ. ಹಸಿರು ಅಂಗಿ ಬೆನ್ನ ಹಿಂದೆ ಬಿಚ್ಚಿಕೊಂಡಿತ್ತು. ಡಬ್ಬಿಯನ್ನು ಎದೆಗವಚಿ ಕೆಳಗಿಳಿದೆ. ಪಾಲಾಕ್ಷ ಬಾಗಿಲಿಗೆ ಅಡ್ಡ ನಿಂತ.

“ಎಲ್ಲಿಗೇ?”

ನಾನು ನಿಲ್ಲಲಿಲ್ಲ. ಅವನ ಎದೆಗೆ ನನ್ನ ಎದೆಯ ಪಟ್ಟಿ ತಾಗುವ ಹಾಗೆ ನೇರ ನಡೆದೆ. “ಮುಟ್ಟಲೇ ಪಾಲಾಕ್ಷ, ಮುಟ್ಟಿ ಹಿಡಿ.”

ಹಾವು ಕಂಡವನಂತೆ ಅವನು ಗೋಡೆಗೆ ಹಾರಿದ. ದಾರಿ ತೆರೆಯಿತು.

ಅಂಜಿನಿ ಓಡಿ ಬಂದು ಸೀರೆ ಸುತ್ತಿದ. ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದಲ್ಲಿ ನಾನು ಬೋರ್ಡುಗಳನ್ನು ಓದುತ್ತ ಹೋದೆ. ರಾತ್ರಿ ಶಾಲೆಯಲ್ಲಿ ಕಲಿತ ಅಕ್ಷರ, ಅಂಜಿಕೆಗೆ ಒಂದರ ಮೇಲೊಂದು ಬೀಳುತ್ತಿದ್ದವು. ಹು. ಬ್ಬ. ಳ್ಳಿ. ಹತ್ತಿ ಕೂತೆವು.

“ಅಲ್ಲೀನೂ ನೋಡದಿದ್ರ, ಅಕ್ಕಾ?”

“ನೋಡ್ತೀವಿ ಅನ್ನೋ ತನಕ ಮಲಗಂಗಿಲ್ಲ.”

ಕೈಯಲ್ಲಿ ಸೂಜಿ ಹಾಗೇ ಇತ್ತು. ಡಬ್ಬಿಯನ್ನು ಮಡಿಲಲ್ಲಿ ಹಿಡಿದಿದ್ದೆ. ಬಸ್ಸು ಇನ್ನೂ ಚಾಲೂ ಆಗಿರಲಿಲ್ಲ. ನನ್ನ ಕೈಯಲ್ಲಿದ್ದ ಡಬ್ಬಿಯ ಸಡಿಲ ಮುಚ್ಚಳ ಆಗಲೇ ಗಡಗಡ ಅನ್ನುತ್ತಿತ್ತು.