ಹೆಚ್ಚುವರಿ ಅರ್ಧ ಗಂಟೆ

ಆ ಹುಡುಗಿಯ ನೋಟ್‌ಬುಕ್ಕಿನ ತುಂಬ ಕೆಂಪು ಶಾಯಿಯಲ್ಲಿ 'ಅಸಡ್ಡೆ' ಎಂದು ಬರೆದವರು ನಾಲ್ಕನೇ ತರಗತಿಯ ಟೀಚರೇ. ಅವಳು ಬರೆದರೆ 'ಮರ' ಹೋಗಿ 'ಯರ' ಆಗುತ್ತಿತ್ತು, ಒತ್ತಕ್ಷರಗಳು ಹೇಳದೆ ಕೇಳದೆ ಮಾಯವಾಗುತ್ತಿದ್ದವು. ಬಾಯಲ್ಲಿ ಕೇಳಿದರೆ ಮಾತ್ರ ಇಡೀ ಪಾಠವನ್ನು ಅರಳು ಹುರಿದಂತೆ ಒಪ್ಪಿಸುತ್ತಿದ್ದಳು. ಕೊನೆಗೆ ಆಸ್ಪತ್ರೆಯ ತಜ್ಞೆ ಪರೀಕ್ಷಿಸಿ, "ಇದು ಡಿಸ್ಲೆಕ್ಸಿಯಾ, ಸೋಮಾರಿತನ ಅಲ್ಲ" ಎಂದಾಗ ಟೀಚರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮುಖ್ಯೋಪಾಧ್ಯಾಯರನ್ನು ಕಾಡಿ ಬೇಡಿ ಅವಳಿಗೆ ಪರೀಕ್ಷೆಯಲ್ಲಿ ಅರ್ಧ ಗಂಟೆ ಹೆಚ್ಚು ಕೊಡಿಸಿದರು.

ಪೋಷಕರ ಸಭೆಯಲ್ಲಿ ಅದೇ ದೊಡ್ಡ ರಂಪವಾಯಿತು.

"ನಮ್ಮ ಮಕ್ಕಳೇನು ಪಾಪ ಮಾಡಿದ್ದಾರೆ? ಅವರಿಗೂ ಕೊಡಿ ಅರ್ಧ ಗಂಟೆ!" ಎಂದು ಬ್ಯಾಂಕಿನಲ್ಲಿ ಕೆಲಸ ಮಾಡುವ ತಂದೆಯೊಬ್ಬರು ಎದ್ದು ನಿಂತರು. ಹೌದು ಹೌದು ಎಂದು ನಾಲ್ಕಾರು ದನಿಗಳು ಸೇರಿದವು.

ಆಗ ಕೊನೆಯ ಬೆಂಚಿನಿಂದ ಹುಡುಗಿಯ ತಾಯಿ ಎದ್ದಳು. ವೈರಿಂಗ್ ಕೆಲಸದವಳು. ಜೇಬಿನಲ್ಲಿ ಟೆಸ್ಟರ್ ಇನ್ನೂ ಹಾಗೇ ಇತ್ತು.

"ಮೇಡಂ, ಪರೀಕ್ಷೆ ನಿಯಮ ಅಂತ ಈಗ ಎಲ್ಲರಿಗೂ ಹಂಚಿದ್ರಲ್ಲ, ಆ ಕಾಗದ ನಾನು ಜೋರಾಗಿ ಓದ್ಲಾ?"

ಓದತೊಡಗಿದಳು. ಒಂದೊಂದು ಅಕ್ಷರದ ಕೆಳಗೂ ಬೆರಳಿಟ್ಟು, ತಡವರಿಸಿ, ಹಿಂದೆ ಹೋಗಿ, ಮತ್ತೆ ಮುಂದೆ ಬಂದು. ಯಾರೋ ಕಿಸಕ್ಕೆಂದರು. ಆಕೆ ನಗು ನಿಲ್ಲುವವರೆಗೆ ಸುಮ್ಮನಿದ್ದು, ಬಿಟ್ಟಲ್ಲಿಂದಲೇ ಹಿಡಿದಳು. ಟೀಚರು ಒಂದು ಪದ ಹೇಳಿಕೊಡಲು ಹೋದರೆ ಬೇಡವೆಂದು ತಲೆಯಾಡಿಸಿದಳು. ಮೂರು ಸಾಲು ಮುಗಿಯುವಷ್ಟರಲ್ಲಿ ಹಣೆಯಿಂದ ಬೆವರು ಇಳಿಯುತ್ತಿತ್ತು. ನಗುವವರು ಯಾರೂ ಉಳಿದಿರಲಿಲ್ಲ.

"ನನಗೂ ಇದೇ ಇದೆ," ಎಂದಳು. "ಆಗ ಇದಕ್ಕೆ ದಡ್ಡಿ ಅನ್ನೋದೊಂದೇ ಹೆಸರು. ಈ ಕಟ್ಟಡದ ವೈರಿಂಗ್ ಎಲ್ಲ ನಂದೇ. ಯಾವ ತಂತಿ ಎಲ್ಲಿಗೆ ಹೋಗುತ್ತೆ ಅಂತ ಕಣ್ಣು ಮುಚ್ಚಿ ಹೇಳ್ತೀನಿ. ಆದ್ರೆ ಲೈಸೆನ್ಸ್ ಪರೀಕ್ಷೇಲಿ ಮೂರು ಸಲ ಫೇಲು. ಪ್ರಶ್ನೆ ಓದಿ ಮುಗಿಸೋಷ್ಟರಲ್ಲಿ ಟೈಮೇ ಮುಗಿದುಹೋಗೋದು. ನನ್ನ ಮಗಳಿಗೆ ಮಾರ್ಕ್ಸ್ ಕೇಳ್ತಿಲ್ಲ ಸಾರ್, ಟೈಮ್ ಕೇಳ್ತಿದ್ದೀನಿ."

ಬ್ಯಾಂಕಿನವರು ಕುಳಿತುಕೊಂಡರು. ಮೆಲ್ಲಗೆ, "ಆ ತಜ್ಞೆ ಯಾವ ದಿನ ಸಿಗ್ತಾರೆ, ಅಕ್ಕಾ?" ಎಂದು ಕೇಳಿದರು. ಅವರ ಮನೆಯಲ್ಲೂ ಒಬ್ಬಳು ಮಗಳು ಓದು ಎಂದರೆ ಸಾಕು, ಹೊಟ್ಟೆನೋವು ಎನ್ನುತ್ತಿದ್ದಳಂತೆ.

ಇಪ್ಪತ್ತೆರಡು ವರ್ಷ ಪಾಠ ಮಾಡಿದ ಟೀಚರಿಗೆ ಇಷ್ಟು ಗಟ್ಟಿ ಎದೆಯವರನ್ನು ಕಂಡ ನೆನಪಿರಲಿಲ್ಲ. ಬಾಗಿಲಲ್ಲಿ ಆಕೆಯನ್ನು ತಡೆದು, "ನಾಲ್ಕನೇ ಸಲ ಪರೀಕ್ಷೆ ಕಟ್ಟಿ. ಓದಿ ಹೇಳೋಕೆ, ಬರೆಯೋಕೆ ಜೊತೆಗೊಬ್ಬರನ್ನ ಕೂರಿಸ್ಕೊಳ್ಳೋಕೆ ಅವಕಾಶ ಇದೆಯಾ ಅಂತ ಕೇಳೋಣ. ಇದ್ರೆ ನಾನೇ ಬರ್ತೀನಿ," ಎಂದರು.

ಅವಕಾಶ ಸಿಕ್ಕಿತು. ಪರೀಕ್ಷೆಯ ದಿನ ಟೀಚರು ಓದಿದ ಪ್ರಶ್ನೆಗಳಲ್ಲಿ ಅರ್ಧದಷ್ಟರ ತಲೆಬುಡ ಅವರಿಗೇ ತಿಳಿಯಲಿಲ್ಲ. ಆಕೆ ಮಾತ್ರ ಕೇಳಿದ ಮರುಕ್ಷಣವೇ ಉತ್ತರ ಹೇಳುತ್ತಿದ್ದಳು.

"ನಿಧಾನ ರೀ, ನನ್ನ ಕೈ ಓಡ್ಬೇಕಲ್ಲ!" ಎಂದು ಟೀಚರು ಬರೆಯುತ್ತಲೇ ಗೋಗರೆದರು.

ಪಾಸಾದಳು, ಮೊದಲ ದರ್ಜೆಯಲ್ಲಿ.