ಈ ಸಲ ಕತೆಯಲ್ಲಿ ಹಸು ಬರಲಿಲ್ಲ

ವಹಾಬ್ ತೀರಿಕೊಂಡ ಸುದ್ದಿ ಬಂದ ಬೆಳಿಗ್ಗೆ ಕೆಂಪಯ್ಯ ತೆಂಗಿನ ತೋಟದಲ್ಲಿ ವಹಾಬನಿಗೇ ಕಾಯುತ್ತಿದ್ದ. ಪಂಪಿನ ಮೋಟರು ಗುಂಯ್ ಎನ್ನುತ್ತಿತ್ತೇ ಹೊರತು ತಿರುಗುತ್ತಿರಲಿಲ್ಲ. ದಬ್ಬೇಘಟ್ಟದಿಂದ ಮೆಕ್ಯಾನಿಕ್ ವಹಾಬ್ ಬಂದು ಒಂದೇಟು ತಟ್ಟಿ, "ನಿನ್ನಂಗೇ ಕಣ್ಲಾ ಇದು, ಸದ್ದು ಜಾಸ್ತಿ, ಕೆಲ್ಸ ಕಮ್ಮಿ" ಎಂದು ಬೈದರೆ ಓಡುವ ಮೋಟರು ಅದು. ಆದರೆ ಸಂಕ್ರಾಂತಿಯಾದ ಮೇಲೆ ವಹಾಬ್ ಇತ್ತ ಸುಳಿದಿರಲಿಲ್ಲ. ಹೇಳಿ ಕಳಿಸಿದರೂ ಬಂದಿರಲಿಲ್ಲ. ಏಕೆಂದು ಕೆಂಪಯ್ಯನಿಗೆ ಗೊತ್ತಿತ್ತು, ಗೊತ್ತಿಲ್ಲದವನಂತೆ ಇದ್ದ.

ಹೆಂಡತಿ ಹೊಂಬಾಳಮ್ಮ ಬದುವಿನ ಮೇಲೆ ಏದುತ್ತ ಬಂದಳು. "ಮೋಟ್ರು ನಿಲ್ಸಿ. ವಹಾಬಣ್ಣ ಹೋಗ್ಬುಟ್ಟ ಕಣ್ರೀ. ಎದೆ ನೋವು ಅಂದನಂತೆ, ಬೆಳಕು ಹರಿಯೋ ಹೊತ್ಗೆ ಮುಗ್ದೋಯ್ತಂತೆ."

ದುಃಖ ಆಮೇಲೆ ಬಂತು. ಮೊದಲು ಬಂದದ್ದು ನಾಚಿಕೆ.

ತೋಟದ ಮೂಲೆಯಲ್ಲಿ ಹಳೆಯ ಕಾಲದ ಒಂದು ವೀರಗಲ್ಲಿದೆ. ಕೆಳಗೆ ಹಸುಗಳ ಸಾಲು, ಅದರ ಮೇಲೆ ಕತ್ತಿ ಹಿಡಿದ ವೀರ, ಅದರ ಮೇಲೆ ಅವನನ್ನು ಕರೆದೊಯ್ಯುವ ದೇವಕನ್ನಿಕೆಯರು, ತುದಿಯಲ್ಲಿ ಶಿವಲಿಂಗದ ಮುಂದೆ ಕೈಮುಗಿದು ಕೂತ ಅದೇ ವೀರ. ಸುತ್ತಲಿನ ಯಾರ ಮನೆಯಲ್ಲಿ ಹಸು ಕರು ಹಾಕಿದರೂ ಗಿಣ್ಣು ಕಳೆದ ಮೇಲೆ ಒಂದು ಚೊಂಬು ಹಾಲು ಆ ಕಲ್ಲಿಗೆ ಸಲ್ಲಬೇಕು. ವಹಾಬನ ಮನೆಯ ಹಾಲೂ ಅವನಪ್ಪನ ಕಾಲದಿಂದ ಸಲ್ಲುತ್ತಿತ್ತು. ಸಂಕ್ರಾಂತಿಯ ಸಂಜೆ ದನಗಳನ್ನು ಕಿಚ್ಚು ಹಾಯಿಸುವ ಮುನ್ನ ಆ ವೀರನ ಕತೆ ಹೇಳುವುದು ಕೆಂಪಯ್ಯನ ಮನೆತನದ ಸೇವೆ. ಕಳ್ಳರು ಊರಿನ ದನ ಹೊಡೆದುಕೊಂಡು ಹೋದರು, ಒಬ್ಬನೇ ಅಟ್ಟಿಕೊಂಡು ಹೋಗಿ ಬಿಡಿಸಿ ತಂದು ಪ್ರಾಣ ಬಿಟ್ಟ. ಅಷ್ಟೇ ಕತೆ. "ದನವೆಲ್ಲ ತಿರುಗಿ ಬಂದವು" ಎಂದಾಗ ವಹಾಬ್ ಹಿಂದಿನಿಂದ, "ಎಲ್ಲಾನೂ ಬಂದ್ವೇನ್ಲಾ?" ಎಂದು ಕೂಗಬೇಕು. ಕೆಂಪಯ್ಯ, "ನಿನ್ನ ಬಡಕಲು ಹಸು ಒಂದು ಬುಟ್ಟು" ಎನ್ನಬೇಕು. ಜನ ನಗಬೇಕು. ವರ್ಷವೂ ಅದೇ ಮಾತು, ಅದೇ ನಗು.

ಈ ಸಲ ತಮ್ಮನ ಮಗ ರವೀಂದ್ರ ಬಂದು, "ಬರೀ ಹಸುಗೋಸ್ಕರ ಸತ್ತ ಅಂದ್ರೆ ಯಾರ್ ಕೇಳ್ತಾರೆ ದೊಡ್ಡಪ್ಪ? ಧರ್ಮಕ್ಕೋಸ್ಕರ ಸತ್ತ ಅನ್ನಿ. ತುರುಕರ ದಂಡು ಬಂದಿತ್ತು ಅನ್ನಿ" ಎಂದಿದ್ದ. ಕೆಂಪಯ್ಯ ಹಾಗೇ ಹೇಳಿದ. ಅಂದು ಉಪವಾಸವಿದ್ದ. ಶಿವನ ಹೆಸರು ಬಾಯಿಗೆ ಬಂದೊಡನೆ ಕೈ ಮುಗಿದ. "ವೈರಿಗಳ ತಲೆ ತರಿದು ಕೈಲಾಸ ಸೇರಿದ" ಎನ್ನುವಾಗ ಕಣ್ಣಲ್ಲಿ ನೀರು ಬಂತು. ಸುಳ್ಳು ಹೇಳುತ್ತಿದ್ದೇನೆ ಎಂದು ಅನಿಸಲೇ ಇಲ್ಲ. ಹುಡುಗರು ಜೈಕಾರ ಹಾಕಿದರು. ರವೀಂದ್ರ ಫೋನಿನಲ್ಲಿ ಹಿಡಿದ. ಹಿಂದೆ ನೋಡಿದರೆ ವಹಾಬ್ ಇರಲಿಲ್ಲ. ಅವನ ಪಾಲಿನ ಎಳ್ಳುಬೆಲ್ಲ ಎಲೆಯಲ್ಲೇ ಉಳಿದಿತ್ತು.

ಮಣ್ಣು ಮಾಡುವಾಗ ಕೆಂಪಯ್ಯ ಹಿಂದೆ ನಿಂತಿದ್ದ. ತನ್ನ ಸರದಿ ಬಂದಾಗ ಹಿಡಿ ಮಣ್ಣು ಹಾಕಿದ. ವಹಾಬನ ಮಗ ನವಾಜ್ ಮಾತು ಬಂದಾಗಿನಿಂದ ಕೆಂಪಯ್ಯನನ್ನು ದೊಡ್ಡಪ್ಪ ಎನ್ನುತ್ತಿದ್ದವನು.

"ಬನ್ನಿ ಕೆಂಪಯ್ನೋರೆ. ಫೋನಲ್ಲಿ ನಿಮ್ ಕತೆ ನೋಡ್ದೆ. ಚೆನ್ನಾಗ್ ಹೇಳಿದ್ದೀರಿ," ಎಂದ.

ಕೆಂಪಯ್ಯ ತಲೆ ತಗ್ಗಿಸಿಕೊಂಡೇ ಅವರ ಮನೆಯ ಬಾಗಿಲ ತನಕ ಹೋಗಿ ನಿಂತ. ಪರದೆಯ ಹಿಂದಿನಿಂದ ವಹಾಬನ ಹೆಂಡತಿ ಜೈನಾಬ್ ಬೀ ಮಾತಾಡಿದಳು.

"ಕೆಂಪಣ್ಣ, ಹಸು ಕರು ಹಾಕ್ತು. ಗಿಣ್ಣೂ ಮುಗೀತು. ಇವ್ರು ಚೊಂಬು ತೊಳ್ದಿಟ್ಕೊಂಡು ಕೂತ್ಬುಟ್ರು. ತಗೊಂಡೋಗಿ ಅಂದ್ರೆ, 'ಈ ಸಲ ಕತೇಲಿ ಹಸುನೇ ಬರ್ಲಿಲ್ಲ ಕಣೇ. ಕಾಯ್ತಾನೇ ಇದ್ದೆ. ಆ ವೀರ ನಮ್ಮೋರ್ನ ಕಡಿಯಕ್ಕೆ ಹೋದೋನಂತೆ. ನಮ್ಮನೆ ಹಾಲು ಕುಡೀತಾನೋ ಇಲ್ವೋ' ಅಂದ್ರು." ಕೇಳಿದಳು: "ನೀವೇ ಹೇಳಿ. ಕುಡೀತಾನಾ?"

ಕೆಂಪಯ್ಯ ಪರದೆಯ ಕಡೆ ಕೈ ಚಾಚಿದ. "ಕೊಡು ತಾಯಿ."

ಚೊಂಬು ಹಿಡಿದು ತೋಟಕ್ಕೆ ನಡೆದು ಬರುವಾಗ ಹಿಂದಿನ ಕಾಲದ ದಂಡುಗಳ ಯೋಚನೆ ಬಂತು. ಅವೂ ಇಂಥ ಕತೆ ಕೇಳಿಯೇ ಹೊರಟಿರಬೇಕು. ರಾಜನಿಗೆ ಬೇಕಾದದ್ದು ನೆಲವೋ ಹೊನ್ನೋ ಇರಬಹುದು. ಆಳುಗಳು ಸಾಯಲು ಎದ್ದದ್ದು ದೇವರ ಹೆಸರಿಗೆ. ಎರಡು ಕಡೆಯಲ್ಲೂ ತನ್ನಂಥ ಒಬ್ಬ ಮುದುಕ ಉಪವಾಸವಿದ್ದು, ನಿಜವಾದ ಭಕ್ತಿಯಿಂದಲೇ ಕಣ್ಣೊರೆಸಿಕೊಂಡು, ಸ್ವರ್ಗ ತೋರಿಸಿರಬೇಕು.

ಕಲ್ಲಿನ ಹತ್ತಿರ ರವೀಂದ್ರ ಕಾಯಿ ಕೀಳಿಸುತ್ತಿದ್ದ.

"ಆ ವೀಡಿಯೋ ಅಳಿಸ್ಬುಡಪ್ಪ," ಎಂದ ಕೆಂಪಯ್ಯ.

"ಅಯ್ಯೋ ದೊಡ್ಡಪ್ಪ, ಅದು ತಿಪಟೂರು, ಚಿಕ್ಕನಾಯಕನಹಳ್ಳಿ ಎಲ್ಲಾ ದಾಟ್ಬುಡ್ತು. ಇನ್ನೆಲ್ಲಿ ಅಳಿಸ್ಲಿ?"

"ಹಂಗಾದ್ರೆ ಇದನ್ನೂ ಹಿಡಿ." ಕೆಂಪಯ್ಯ ಕಲ್ಲಿನ ಮುಂದೆ ಕೂತು, ಕೆಳಸಾಲಿನ ಹಸುಗಳ ಮೇಲೆ ಕೈಯಾಡಿಸುತ್ತ ಕತೆಯನ್ನು ಮೊದಲಿನಿಂದ, ತನ್ನಪ್ಪ ಹೇಳುತ್ತಿದ್ದ ಹಾಗೆ ಹೇಳಿದ. ರವೀಂದ್ರ ಫೋನನ್ನು ಎತ್ತಿದವನು ಅರ್ಧಕ್ಕೇ ಜೇಬಿಗಿಟ್ಟುಕೊಂಡ. "ಇದನ್ಯಾರು ನೋಡ್ತಾರೆ ಬುಡಿ" ಎಂದು ಗೊಣಗಿ, ಕಾಯಿ ಕೀಳುವವರ ಕಡೆ ಹೋದ.

ಕೆಂಪಯ್ಯ ನಿಲ್ಲಿಸಲಿಲ್ಲ. "ದನವೆಲ್ಲ ತಿರುಗಿ ಬಂದವು" ಎನ್ನುವಲ್ಲಿಗೆ ಬಂದ. ಅಭ್ಯಾಸದಂತೆ ತಡೆದ. ಹಿಂದಿನಿಂದ ಯಾರೂ ಕೂಗಲಿಲ್ಲ. ಗರಿಗಳ ಸದ್ದು ಮಾತ್ರ ಇತ್ತು.

"ಎಲ್ಲಾನೂ ಬಂದ್ವು ಕಣ್ಲಾ ವಹಾಬ," ಎಂದ. "ನಿನ್ನ ಹಸೂನೂ ಬಂತು."

ಹಾಲನ್ನು ಕಲ್ಲಿನ ತಲೆಯ ಮೇಲೆ ಸುರಿದ. ಅದು ಲಿಂಗದ ಮೇಲೆ, ಕನ್ನಿಕೆಯರ ಮೇಲೆ, ಕತ್ತಿಯ ಮೇಲೆ ಹರಿದು ಹಸುಗಳ ಕಾಲ ಬಳಿ ಮಣ್ಣಿಗೆ ಇಳಿಯಿತು. ಕೆಂಪಯ್ಯ ಹಣೆಯನ್ನು ನೆಲಕ್ಕೆ ಹಚ್ಚಿದ.

"ಶಿವನೇ, ನಿನ್ನ ಹೆಸರು ಹೇಳಿ ಗೆಳೆಯನ ಮನಸ್ಸು ಮುರಿದವನು ನಾನು. ನನಗೇನೂ ಬೇಡ. ವಹಾಬನಿಗೆ ಶಾಂತಿ ಕೊಡು. ಅವನು ನಿನ್ನನ್ನು ಯಾವ ಹೆಸರಿನಿಂದ ಕರೆಯುತ್ತಿದ್ದನೋ ಆ ಹೆಸರಿಗೇ ಓಗೊಟ್ಟು, ಅವನನ್ನು ನಿನ್ನ ಹತ್ತಿರ ಕೂರಿಸಿಕೋ ತಂದೆ."