ಕಾಂಚನಾ ಕೊಟ್ಟ ಉತ್ತರ

ಚಂದ್ರಬಾಯಿಗೆ ಹುಚ್ಚು ಹಿಡಿದಿದೆಯೇ ಎಂದು ಪರೀಕ್ಷಿಸಿ ವರದಿ ಕೊಡಲು ಮುಂಬಯಿ ಪಕ್ಕದ ಠಾಣೆ ಊರಿನ ಕೋರ್ಟು ನನ್ನನ್ನು ನೇಮಿಸಿತ್ತು. ನಾನು ಮನಶ್ಶಾಸ್ತ್ರಜ್ಞೆ, ಕನ್ನಡ ಬರುತ್ತದೆ ಎಂಬುದು ಹೆಚ್ಚಿನ ಅರ್ಹತೆ. ಚಂದ್ರಬಾಯಿಯ ಮಗಳು ಕಾಂಚನಾ ಮತ್ತು ಅಳಿಯ ಅಪಘಾತದಲ್ಲಿ ತೀರಿಕೊಂಡ ಮೇಲೆ ಮೊಮ್ಮಗಳು ಭಾಗ್ಯಾ ಐರೋಲಿಯಲ್ಲಿ ಅಜ್ಜಿಯ ಹತ್ತಿರವೇ ಇದ್ದಳು. ಈಗ ಮಗುವಿನ ಕಾಕಾ ದಿಲೀಪ, ಮುದುಕಿ ಸತ್ತವರ ಜೊತೆ ಮಾತಾಡುತ್ತಾಳೆ, ಮಗುವನ್ನು ನನಗೆ ಒಪ್ಪಿಸಿ ಎಂದು ಅರ್ಜಿ ಹಾಕಿದ್ದ.

ಅರ್ಜಿ ಓದಿ ನನಗೆ ಸಿಟ್ಟು ಬಂದಿತ್ತು. ತೀರಿಕೊಂಡವರಿಗೆ ಎಡೆ ಇಟ್ಟು ಮಾತಾಡಿಸುವುದೂ ಹುಚ್ಚಾದರೆ ಅರ್ಧ ಕರ್ನಾಟಕವನ್ನೇ ಆಸ್ಪತ್ರೆಗೆ ಸೇರಿಸಬೇಕು! ಆದರೂ ಮನೆಗೆ ಹೋಗಿ ಕೇಳಿದೆ. ಭಾಗ್ಯಾ ಅಲ್ಲೇ ಕೂತು ಚಿತ್ರ ಬಿಡಿಸುತ್ತಿದ್ದಳು.

“ದಿನಾ ಫೋಟೋದ ಮುಂದ ಎಡಿ ಇಡ್ತೀನ್ರೀ ಮೇಡಮ್,” ಎಂದಳು ಚಂದ್ರಬಾಯಿ. “‘ಉಣ್ಣಲೇನವ್ವಾ ಕಾಂಚನಾ’ ಅಂತ ಕೇಳ್ತೀನಿ.”

“ಅವಳು ಏನಾದ್ರೂ ಅಂತಾಳಾ?”

“ಅಂತಾಳಲ್ರೀ! ‘ಉಣ್ಣವ್ವಾ’ ಅಂತಾಳ.”

ಸತ್ತ ಮಗಳನ್ನು ಮಾತಾಡಿಸುವ ತಾಯಂದಿರು ಬೇಕಾದಷ್ಟು ಜನ ಇದ್ದಾರೆ. ಆದರೆ ಉತ್ತರವೂ ಕೇಳಿಸುತ್ತದೆ ಎಂದು ನಾನು ಬರೆದುಕೊಟ್ಟರೆ ಮಗು ಅಂದೇ ಕೈತಪ್ಪುತ್ತದೆ.

ಭಾಗ್ಯಾಳನ್ನು ಬಾಲ್ಕನಿಗೆ ಕರೆದು ಕೇಳಿದೆ, “ಮಮ್ಮಿ ಮಾತಾಡೋದು ನಿನಗೂ ಕೇಳ್ಸುತ್ತಾ?”

ಅವಳು ಒಳಗೊಮ್ಮೆ ಇಣುಕಿ ನೋಡಿ ಹಿಂದಿಯಲ್ಲಿ ಪಿಸುಗುಟ್ಟಿದಳು. “ವೋ ತೋ ಮೈಂ ಬೋಲ್ತೀ ಹೂಂ. ನಹೀ ತೋ ಅಜ್ಜಿ ಖಾತೀ ನಹೀ.”

ಪರದೆಯ ಹಿಂದೆ ನಿಂತು ಅಮ್ಮನ ಹಾಗೆ ತಾನೇ ಹೇಳುತ್ತಾಳಂತೆ. ಇಲ್ಲದಿದ್ದರೆ ಅಜ್ಜಿ ಅನ್ನ ಮುಟ್ಟುವುದಿಲ್ಲವಂತೆ. ನನಗೆ ಕುತೂಹಲ ತಡೆಯಲಾಗಲಿಲ್ಲ. ಮಗುವನ್ನು ಕೆಳಗೆ ಆಡಲು ಕಳಿಸಿ ಒಳಗೆ ಬಂದೆ.

“ಆ ದನಿ ಯಾರದು ಅಂತ ನಿಮಗೆ ನಿಜವಾಗ್ಲೂ ಗೊತ್ತಿಲ್ವಾ, ಅಜ್ಜಿ?”

“ನಾ ಕಿವುಡಿ ಅಲ್ರೀ,” ಎಂದು ಚಂದ್ರಬಾಯಿ ನಕ್ಕಳು. “ಅವ್ವ ಅಪ್ಪ ಹೋದ ಮ್ಯಾಲ ಈ ಕೂಸು ಬಾಯೇ ಬಿಟ್ಟಿರಲಿಲ್ಲ. ದವಾಖಾನಿ ಆತು, ದೇವರಾತು. ಒಂದಿನ ಎಡಿ ಇಟ್ಟು, ಅಳಕೋತ ‘ಉಣ್ಣಲೇನವ್ವಾ’ ಅಂದೆ. ಪರದಿ ಹಿಂದಿಂದ ‘ಉಣ್ಣವ್ವಾ’ ಅಂತು. ಅದೇ ಮೊದಲನೇ ಮಾತು. ಅವತ್ತಿಂದ ಬಿಟ್ಟಿಲ್ಲ, ದಿನಾ ಕೇಳ್ತೀನಿ. ಈಗ ಸಾಲ್ಯಾಗ ಟೀಚರ್ ಜೋಡಿನೂ ಮಾತಾಡ್ತದ.”

ಓದಿದ ಯಾವ ಪುಸ್ತಕದಲ್ಲೂ ಇಂಥ ಔಷಧ ಕಂಡಿರಲಿಲ್ಲ. “ಇದನ್ನೇ ಬರೀತೀನಿ ಅಜ್ಜಿ. ಭಾಗ್ಯಾ ನಿಮ್ಮ ಹತ್ರಾನೇ ಇರ್ತಾಳೆ.”

ಅಜ್ಜಿಯ ಮುಖದ ನಗು ಮಾಯವಾಯಿತು. “ನೀವು ಬರದದ್ದು ಕೋರ್ಟಿನ್ಯಾಗ ಓದ್ತಾರೇನ್ರೀ? ಭಾಗ್ಯಾನ ಮುಂದ?”

“ಓದಬಹುದು.”

ಚಂದ್ರಬಾಯಿ ನನ್ನ ಕೈ ಗಟ್ಟಿಯಾಗಿ ಹಿಡಿದುಕೊಂಡಳು.

“ಹಂಗಾದ್ರ ನನಗ ಹುಚ್ಚು ಹಿಡದದ ಅಂತೇ ಬರೀರಿ. ನನಗ ಗೊತ್ತದ ಅಂತ ತಿಳೀತಂದ್ರ ಕೂಸು ಮತ್ತ ಮೂಕಾಗ್ತದ್ರೀ.”